ಆಕ್ಸಿಜನ್ ಸೆನ್ಸರ್ ಬಿಚ್ಚುವ ಮುನ್ನ: ತಪ್ಪು ಅದರದೋ, ಬೇರೆಯದರದೋ ಎಂದು ಪತ್ತೆ ಮಾಡುವ ಬಗೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಗ್ಯಾರೇಜಿಗೆ ಮೇಷ್ಟ್ರೊಬ್ಬರು ತಮ್ಮ ಹಳೆಯ ಪೆಟ್ರೋಲ್ ಕಾರು ತಂದರು. ಚೆಕ್ ಎಂಜಿನ್ ಲೈಟ್ ಉರಿಯುತ್ತಿತ್ತು, ಮೈಲೇಜ್ ಇಳಿದಿತ್ತು. ಸ್ಕ್ಯಾನರ್ ಹಾಕಿದೆ, ಪಿ0131 ಬಂತು. ಮುಂದಿನ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ ಕಡಿಮೆ ಎಂದು ಅದರ ಅರ್ಥ. "ಸೆನ್ಸರ್ ಹೋಗಿದೆ ಸಾರ್" ಅಂದೆ. ಜೆ.ಸಿ. ರಸ್ತೆಯಿಂದ ಹೊಸದು ತರಿಸಿ ಹಾಕಿ ಕಳಿಸಿದೆ. ಎಂಟನೇ ದಿನಕ್ಕೆ ಮೇಷ್ಟ್ರು ಮತ್ತೆ ಬಾಗಿಲಲ್ಲಿ. ಅದೇ ಲೈಟು, ಅದೇ ಕೋಡು. ಕಾರನ್ನು ರಾತ್ರಿ ಅಲ್ಲೇ ನಿಲ್ಲಿಸಿಕೊಂಡು, ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳಿದಾಗ ಟಿಕ್ ಟಿಕ್ ಎಂದು ಸಣ್ಣ ಸದ್ದು. ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹಳೆಯ ಸೆನ್ಸರ್‌ನಲ್ಲಿ ಏನೂ ದೋಷ ಇರಲಿಲ್ಲ. ದುಡ್ಡು ವಾಪಸ್ ಕೊಟ್ಟೆ. ಅವರು ರಜೆ ಹಾಕಿ ಎರಡು ಸಲ ಓಡಾಡಿದ್ದನ್ನು ಮಾತ್ರ ವಾಪಸ್ ಕೊಡಲಾಗಲಿಲ್ಲ.

ಅಂದಿನಿಂದ ತಪ್ಪು ಸೆನ್ಸರ್‌ನದೇ ಎಂದು ಖಚಿತವಾಗುವವರೆಗೆ ನಾನು ಅದಕ್ಕೆ ಸ್ಪ್ಯಾನರ್ ಹಾಕುವುದಿಲ್ಲ. ಆ ಖಚಿತತೆಗೆ ಬರುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಬಹುಪಾಲು ಕೆಲಸವನ್ನು ಕಾರಿನ ಮಾಲೀಕರೇ ಮನೆಯ ಮುಂದೆ ಮಾಡಿಕೊಳ್ಳಬಹುದು.

ಸೆನ್ಸರ್ ಅಳೆಯುವುದು ಏನನ್ನು?

ಅದು ಪೆಟ್ರೋಲನ್ನು ಅಳೆಯುವುದಿಲ್ಲ. ಉರಿದು ಹೊರಬಂದ ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಹೊರಗಿನ ಗಾಳಿಯ ಆಮ್ಲಜನಕದ ಜತೆ ಹೋಲಿಸುತ್ತದೆ, ಅಷ್ಟೆ. ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದ ಮೇಲೆ ಎರಡು ಬದಿಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ತಾನೇ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದ್ದರೆ 0.1 ವೋಲ್ಟ್ ಆಸುಪಾಸು. ಇದಕ್ಕೆ ಲೀನ್ ಎನ್ನುತ್ತಾರೆ. ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ 0.9 ವೋಲ್ಟ್ ಆಸುಪಾಸು, ಅದು ರಿಚ್. ನಡುವಿನ ಗೆರೆ 0.45. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಇಂದಿಗೂ ನಮ್ಮ ಬಹಳಷ್ಟು ಕಾರುಗಳಲ್ಲಿ ಕೆಲಸ ಮಾಡುವುದು ಅದೇ ತತ್ವ.

ಪೆಟ್ರೋಲ್ ಅಳೆಯುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಪ್ಲಗ್ ಕಿಡಿ ಕೊಡದೆ ಎಂಜಿನ್ ಮಿಸ್ಸಿಂಗ್ ಆದರೆ, ಆ ಸಿಲಿಂಡರ್‌ನ ಪೆಟ್ರೋಲ್ ಹಸಿಯಾಗಿಯೇ ಹೊರಗೆ ಹೋಗುತ್ತದೆ. ಆದರೆ ಅದರ ಜತೆ ಬಳಕೆಯಾಗದ ಆಮ್ಲಜನಕವೂ ಹೋಗುತ್ತದೆ. ಸೆನ್ಸರ್‌ಗೆ ಕಾಣುವುದು ಆಮ್ಲಜನಕ ಮಾತ್ರ. "ಪೆಟ್ರೋಲ್ ಸಾಲದು" ಎಂದು ವರದಿ ಕೊಡುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಾಗಲೂ ಹೀಗೇ. ಹೊಗೆ ಒಂದೇ ಸಮನೆ ಹರಿಯದೆ ಅಲೆಅಲೆಯಾಗಿ ಹೋಗುವುದರಿಂದ, ಎರಡು ಅಲೆಗಳ ನಡುವೆ ಬಿರುಕಿನೊಳಗೆ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಮೇಷ್ಟ್ರ ಕಾರಿನಲ್ಲಿ ಆದದ್ದು ಇದೇ. ಸೆನ್ಸರ್ ಕಂಡದ್ದನ್ನು ಕಂಡಂತೆ ಹೇಳಿತ್ತು.

ಮೊದಲು: ಕೋಡ್ ಓದಿ, ಅಳಿಸಬೇಡಿ

2013ರ ಏಪ್ರಿಲ್ ನಂತರದ ಕಾರುಗಳಿಗೆ ಕಾರು ತನ್ನ ತಪ್ಪುಗಳನ್ನು ತಾನೇ ದಾಖಲಿಸಿಕೊಳ್ಳುವ ಒಬಿಡಿ-2 ವ್ಯವಸ್ಥೆ ಕಡ್ಡಾಯ, ಹಾಗಾಗಿ ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸಾಧಾರಣ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಫೋನಿನಲ್ಲೇ ಎಲ್ಲ ಕಾಣುತ್ತದೆ. ಅದಲ್ಲದೆ ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, ಗುಂಡುಪಿನ್ನು, ಟಾರ್ಚು.

ಪಿ0131 ಎಂದರೆ ವೋಲ್ಟೇಜ್ ಕಡಿಮೆ, 0132 ಎಂದರೆ ಹೆಚ್ಚು, 0133 ನಿಧಾನ, 0134 ಸದ್ದೇ ಇಲ್ಲ, 0135 ಹೀಟರ್ ಸರ್ಕ್ಯೂಟ್. ಇವೆಲ್ಲ ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಮುಂಚೆ ಇರುವ ಸೆನ್ಸರ್‌ನವು. 0136ರಿಂದ 0141ರವರೆಗೆ ಹಿಂದಿನ ಸೆನ್ಸರ್‌ನವು. ಪಿ0171 ಮತ್ತು ಪಿ0172 ಬೇರೆ ಜಾತಿ. ಅವು ಮಿಶ್ರಣ ಲೀನ್ ಅಥವಾ ರಿಚ್ ಆಗಿದೆ ಎನ್ನುವ ದೂರುಗಳು. ಪಿ0171 ಕಂಡ ಕೂಡಲೇ ಸೆನ್ಸರ್ ಬದಲಿಸುವುದು ಜ್ವರ ತೋರಿಸಿದ ಥರ್ಮಾಮೀಟರ್ ಬದಲಿಸಿದ ಹಾಗೆ.

ಕೋಡ್ ಜತೆ ಫ್ರೀಜ್ ಫ್ರೇಮ್ ಎಂಬ ಪುಟ ಇರುತ್ತದೆ. ತಪ್ಪು ದಾಖಲಾದ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂದು ಅದು ಹೇಳುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ತಪ್ಪು ದಾಖಲಾದದ್ದು ಸಿಲ್ಕ್ ಬೋರ್ಡ್‌ನಂಥ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತಾಗಲೋ, ಮೇಲ್ಸೇತುವೆಯಲ್ಲಿ 60ರಲ್ಲಿ ಹೋಗುವಾಗಲೋ ಎಂಬುದರಿಂದ ಅರ್ಧ ಉತ್ತರ ಸಿಗುತ್ತದೆ. ನಿಂತಾಗ ಸುಮ್ಮನಾಗಿ ಓಡಿದಾಗ ಸರಿಹೋಗುವ ಸೆನ್ಸರ್‌ನಲ್ಲಿ ನನ್ನ ಮೊದಲ ಅನುಮಾನ ಹೀಟರ್ ಮೇಲೆ. ಐಡ್ಲಿಂಗ್‌ನಲ್ಲಿ ಹೊಗೆಯ ಬಿಸಿ ಸಾಲದೆ ಅದು ತಣ್ಣಗಾಗಿರುತ್ತದೆ.

ಆಮೇಲೆ: ಕಣ್ಣು, ಕಿವಿ

ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಸೆನ್ಸರ್‌ನಿಂದ ಹೊರಟ ವೈರನ್ನು ಕಪ್ಲರ್‌ವರೆಗೆ, ಅಲ್ಲಿಂದ ಮುಂದಕ್ಕೂ ಟಾರ್ಚ್ ಹಿಡಿದು ನೋಡಿ. ಈ ಊರಿನಲ್ಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಕಾರಿಗೆ ಇಲಿ ಕಾಟ ತಪ್ಪಿದ್ದಲ್ಲ. ಇಲಿ ಕಡಿದ ಒಂದು ವೈರು ಸತ್ತ ಸೆನ್ಸರ್‌ನಂತೆಯೇ ಕಾಣುತ್ತದೆ. ವೈರು ಜಾರಿ ಮ್ಯಾನಿಫೋಲ್ಡ್‌ಗೆ ತಾಗಿ ಕರಗಿರುವುದೂ ಉಂಟು.

ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸ್ ದಾಟಿ ಬಂದ ಕಾರಾದರೆ ಕಪ್ಲರ್ ಬಿಚ್ಚಿ ಒಳಗೆ ನೋಡಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ. ಕೆಂಪಗೆ ಕಾದ ಸೆನ್ಸರ್ ಮೇಲೆ ತಣ್ಣೀರು ರಾಚಿದರೆ ಒಳಗಿನ ಪಿಂಗಾಣಿಯೇ ಸೀಳಬಹುದು. ಆದ್ದರಿಂದ ನೀರಿಗೆ ಇಳಿದ ನಂತರ ಶುರುವಾದ ತೊಂದರೆ ಎಂದು ಯಾರಾದರೂ ಹೇಳಿದರೆ ನಾನು ಆ ಮಾತನ್ನು ಬರೆದಿಟ್ಟುಕೊಳ್ಳುತ್ತೇನೆ.

ಇನ್ನು ಬಿರುಕು. ಇದನ್ನು ಬೆಳಗಿನ ಮೊದಲ ಸ್ಟಾರ್ಟ್‌ನಲ್ಲೇ ಹುಡುಕಬೇಕು, ಏಕೆಂದರೆ ಕಬ್ಬಿಣ ಕಾದು ಹಿಗ್ಗಿದ ಮೇಲೆ ಬಿರುಕು ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ. ಸ್ಟಾರ್ಟ್ ಆದ ಕೂಡಲೇ ಇನ್ನೊಬ್ಬರಿಗೆ ಹೇಳಿ, ದಪ್ಪನೆಯ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಸಿ. ಎಲ್ಲಿ ಸೋರಿಕೆ ಇದೆಯೋ ಅಲ್ಲಿ ಟಿಕ್ ಟಿಕ್ ಅಥವಾ ಬುಸ್ ಎಂಬ ಸದ್ದು ಜೋರಾಗುತ್ತದೆ. ಗ್ಯಾಸ್ಕೆಟ್ ಅಂಚಿನಲ್ಲಿ ಕರಿ ಮಸಿ ಕೂತಿದ್ದರೆ ಅದೂ ಸೋರಿಕೆಯ ಗುರುತೇ. ಇದನ್ನೆಲ್ಲ ಬಯಲಿನಲ್ಲಿ ಮಾಡಿ. ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿಟ್ಟು ಕೆಲಸ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಜೀವ ತೆಗೆಯುತ್ತದೆ.

ಲೈವ್ ಡೇಟಾ: ಇಲ್ಲಿ ಅವಸರ ಬೇಡ

ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಷ್ಟು ತೋರಿಸುತ್ತಿದೆ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸು. ಮಂಗಳೂರಿನಲ್ಲಾದರೆ 101 ಬರಬೇಕು, ಇಲ್ಲಿ 101 ಬಂದರೆ ತಪ್ಪು. ಮ್ಯಾಪ್ ಸೆನ್ಸರ್ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ಕಾರುಗಳಲ್ಲಿ ಈ ಅಂಕಿ ಸುಳ್ಳಾದರೆ ಪೆಟ್ರೋಲ್ ಲೆಕ್ಕವೂ ಸುಳ್ಳಾಗುತ್ತದೆ. ಆಗ ಆಕ್ಸಿಜನ್ ಸೆನ್ಸರ್ ಕೊಡುವ ದೂರು ನ್ಯಾಯವಾದದ್ದೇ.

ಈಗ ಸ್ಟಾರ್ಟ್ ಮಾಡಿ, ಕೂಲೆಂಟ್ 80 ಡಿಗ್ರಿ ದಾಟುವವರೆಗೆ ಕಾಯಿರಿ. ನೈಸ್ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕೂಲೆಂಟ್ 65ಕ್ಕೆ ಇಳಿಯುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಮೊದಲು ಅದನ್ನು ಸರಿ ಮಾಡಿಸಿ, ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಿರಬಹುದು. ಆ್ಯಪ್‌ನಲ್ಲಿ ಫ್ಯೂಯಲ್ ಸಿಸ್ಟಂ ಸ್ಟೇಟಸ್ ಎಂಬಲ್ಲಿ ಕ್ಲೋಸ್ಡ್ ಲೂಪ್ ಎಂದು ಬಂದಿರಬೇಕು. ಇಸಿಯು ಸೆನ್ಸರ್ ಮಾತು ಕೇಳಲು ಶುರು ಮಾಡಿದೆ ಎಂದರ್ಥ. ಓಪನ್ ಲೂಪ್‌ನಲ್ಲಿರುವಾಗ ಸೆನ್ಸರ್ ಅಂಕಿ ನೋಡಿ ತೀರ್ಪು ಕೊಡಬಾರದು.

ಎಂಜಿನ್ನನ್ನು 2500 ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದು ಮುಂದಿನ ಸೆನ್ಸರ್‌ನ ಗ್ರಾಫ್ ನೋಡಿ. ಹಳೆಯ ಮಾದರಿಯ, ಅಂದರೆ ನ್ಯಾರೋಬ್ಯಾಂಡ್ ಸೆನ್ಸರ್ ಆದರೆ 0.1ರಿಂದ 0.9ರ ನಡುವೆ ಎಡೆಬಿಡದೆ ಏರಿಳಿಯಬೇಕು. ಹತ್ತು ಸೆಕೆಂಡಿನಲ್ಲಿ ಎಂಟಾದರೂ ಸಲ ನಡುಗೆರೆ ದಾಟಿದರೆ ಆರೋಗ್ಯವಾಗಿದೆ. ಒಂದು ಎಚ್ಚರಿಕೆ: ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಒಂದು ಸೆಕೆಂಡಿಗೆ ಓದುವುದೇ ಕೆಲವು ಸಲ. ಪರದೆಯ ಮೇಲೆ ಹತ್ತು ಅಂಕಿ ಇಟ್ಟುಕೊಂಡರೆ ಗ್ರಾಫ್ ಸೋಮಾರಿಯಾಗಿ ಕಾಣುತ್ತದೆ, ಸೋಮಾರಿತನ ಸ್ಕ್ಯಾನರ್‌ನದು. ಸೆನ್ಸರ್ ಒಂದನ್ನೇ ಇಟ್ಟುಕೊಂಡು ನೋಡಿ. ಹಾಗಿದ್ದೂ ಫೋನ್ ಗ್ರಾಫ್ ಒಂದನ್ನೇ ನಂಬಿ "ಸೆನ್ಸರ್ ನಿಧಾನವಾಗಿದೆ" ಎನ್ನಬೇಡಿ.

ಇದಕ್ಕಿಂತ ಬೆಲೆಬಾಳುವ ಅಂಕಿ ಫ್ಯೂಯಲ್ ಟ್ರಿಮ್. ಸೆನ್ಸರ್ ಮಾತು ಕೇಳಿ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ, ಎಷ್ಟು ತಗ್ಗಿಸಿದೆ ಎಂಬ ಲೆಕ್ಕ ಅದು. ಕ್ಷಣಕ್ಷಣದ್ದು ಶಾರ್ಟ್ ಟರ್ಮ್, ದಿನಗಳಲ್ಲಿ ಕಲಿತದ್ದು ಲಾಂಗ್ ಟರ್ಮ್. ಎರಡನ್ನೂ ಕೂಡಿಸಿ ನೋಡಿ. ಶೇ 5ರ ಒಳಗಿದ್ದರೆ ನಿಶ್ಚಿಂತೆ, 10 ದಾಟಿದರೆ ಕಾರಣ ಹುಡುಕಬೇಕು. ಇಥೆನಾಲ್ ವಿಷಯವನ್ನು ಇಲ್ಲಿ ಮರೆಯಬಾರದು. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು. ಶೇ 20 ಇಥೆನಾಲ್ ಬೆರೆತ ಈಗಿನ ಪೆಟ್ರೋಲ್‌ಗೆ 13.5 ಆಸುಪಾಸು ಸಾಕು, ಏಕೆಂದರೆ ಇಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡು ಬರುತ್ತದೆ. ಹಿಂದಿನ ಶೇ 10ರ ಮಿಶ್ರಣಕ್ಕೆ ಹೊಂದಿಸಿದ್ದ ಕಾರಿನಲ್ಲಿ ಇದರಿಂದಲೇ ಟ್ರಿಮ್ ಸುಮಾರು ಶೇ 4 ಏರುತ್ತದೆ. ಹಳೆಯ ಕಾರಿನಲ್ಲಿ +5, +6 ಕಂಡು ಗಾಬರಿಯಾಗಬೇಡಿ, ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಟ್ರಿಮ್ +20 ಇದ್ದರೆ ಪ್ರಶ್ನೆ ಒಂದೇ: ಎಂಜಿನ್ ನಿಜವಾಗಿ ಲೀನ್ ಆಗಿದೆಯೇ, ಇಲ್ಲಾ ಸೆನ್ಸರ್‌ಗೆ ಹಾಗೆ ಕಾಣುತ್ತಿದೆಯೇ? ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಏರು ಹತ್ತುವಾಗ ಟ್ರಿಮ್ ಜಿಗಿದರೆ ಪೆಟ್ರೋಲ್ ಪಂಪು, ಫಿಲ್ಟರ್ ಕಡೆ ನೋಡಿ. ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಮಾತ್ರ ಹೆಚ್ಚಿದ್ದು 2500ರಲ್ಲಿ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರಿದಿದೆ.

ಎರಡನೇ ಸಾಕ್ಷಿ ಬೇಕೆಂದರೆ ಬಂಕ್ ಪಕ್ಕದ ಎಮಿಷನ್ ಟೆಸ್ಟ್ ವ್ಯಾನಿನಲ್ಲೇ ಇದೆ. ಆ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಎಂದು ಎಲ್ಲರೂ ಅಂದುಕೊಂಡಿದ್ದಾರೆ, ನನಗೆ ಅದರ ಬಗ್ಗೆ ತುಂಬ ಗೌರವ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.3, 2500 ಆರ್‌ಪಿಎಂ ಆಸುಪಾಸಿನಲ್ಲಿ ಶೇ 0.2, ಲ್ಯಾಂಬ್ಡಾ, ಅಂದರೆ ಇರುವ ಗಾಳಿಗೂ ಬೇಕಾದ ಗಾಳಿಗೂ ಇರುವ ಅನುಪಾತ, 0.97ರಿಂದ 1.03. ಇಸಿಯು "ಲೀನ್, ಲೀನ್" ಎಂದು +20ರಷ್ಟು ಪೆಟ್ರೋಲ್ ಸುರಿಯುತ್ತಿರುವಾಗ ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಮೀರಿ ಬಂದರೆ, ಎಂಜಿನ್ ಲೀನ್ ಅಲ್ಲ. ಸೆನ್ಸರ್ ಸುಳ್ಳು ಹೇಳುತ್ತಿದೆ ಅಥವಾ ಅದರ ಮೂಗಿನ ಹತ್ತಿರ ಹೊರಗಾಳಿ ಬರುತ್ತಿದೆ. ಕಾರ್ಬನ್ ಮೊನಾಕ್ಸೈಡ್ ಕಡಿಮೆಯಿದ್ದು, ಸೈಲೆನ್ಸರ್‌ನಲ್ಲಿ ಸೋರಿಕೆಯೂ ಇಲ್ಲದೆ ಲ್ಯಾಂಬ್ಡಾ 1.03 ದಾಟಿದ್ದರೆ ಸೆನ್ಸರ್ ಹೇಳುವುದು ನಿಜ.

ಸೆನ್ಸರ್‌ಗೇ ಪರೀಕ್ಷೆ

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿ ಬಿಡಿ. ಒತ್ತಿದಾಗ 0.8 ದಾಟಬೇಕು. ಬಿಟ್ಟ ಕೂಡಲೇ ಇಸಿಯು ಪೆಟ್ರೋಲ್ ನಿಲ್ಲಿಸುವುದರಿಂದ 0.1ರ ಹತ್ತಿರ ಬೀಳಬೇಕು. ಎರಡೂ ತುದಿ ಮುಟ್ಟಿದರೆ ಸೆನ್ಸರ್ ಬದುಕಿದೆ. ಕೋಡ್ ಏನೇ ಹೇಳಲಿ, ಹುಡುಕಾಟ ಬೇರೆ ಕಡೆ ಸಾಗಲಿ. 0.45ರಲ್ಲಿ ಅಲ್ಲಾಡದೆ ನಿಂತಿದ್ದರೆ ಸೆನ್ಸರ್ ಕಾದಿಲ್ಲ, ಇಲ್ಲವೇ ವೈರು ತುಂಡಾಗಿದೆ. ಹಲವು ಕಾರುಗಳಲ್ಲಿ 0.45 ಎಂಬುದು ಇಸಿಯು ತಾನೇ ಆ ವೈರಿನ ಮೇಲೆ ಇಟ್ಟಿರುವ ವೋಲ್ಟೇಜ್, ಸೆನ್ಸರ್ ಕೊಟ್ಟದ್ದಲ್ಲ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕಪ್ಲರ್ ಬಿಚ್ಚಿ. ನಾಲ್ಕು ವೈರುಗಳಲ್ಲಿ ಒಂದೇ ಬಣ್ಣದ ಎರಡು ಹೀಟರ್‌ನವು. ಬಾಷ್ ಮಾದರಿಯಲ್ಲಿ ಬಿಳಿ-ಬಿಳಿ, ಸಿಗ್ನಲ್ ಕಪ್ಪು, ಅರ್ತ್ ಬೂದು. ಡೆನ್ಸೊ ಮಾದರಿಯಲ್ಲಿ ಕಪ್ಪು-ಕಪ್ಪು, ಸಿಗ್ನಲ್ ನೀಲಿ, ಅರ್ತ್ ಬಿಳಿ. ಒಂದರಲ್ಲಿ ಸಿಗ್ನಲ್ ಆದ ಕಪ್ಪು ಇನ್ನೊಂದರಲ್ಲಿ ಹೀಟರ್, ಆದ್ದರಿಂದ ಮೊದಲು ಜೋಡಿ ಗುರುತಿಸಿ. ಹೀಟರ್ ಜೋಡಿಯ ನಡುವೆ ಓಮ್ ಅಳೆದರೆ ಹೆಚ್ಚಿನವುಗಳಲ್ಲಿ 3ರಿಂದ 15ರ ಒಳಗೆ ಬರುತ್ತದೆ. ನಿಮ್ಮ ಕಾರಿನ ಖಚಿತ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ, ಆಗ ಸೆನ್ಸರ್ ಬದಲಿಸುವುದೇ ದಾರಿ. ಓಮ್ ಸರಿಯಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ, ಕಾರಿನ ಕಡೆಯ ಕಪ್ಲರ್‌ನಲ್ಲಿ 12 ವೋಲ್ಟ್ ಬರುತ್ತಿದೆಯೇ ನೋಡಿ. ಇಲ್ಲದಿದ್ದರೆ ಫ್ಯೂಸ್ ಹುಡುಕಿ. ಪಿ0135 ಎಂದು ಬಂದ ಕಾರಿನಲ್ಲಿ ಹತ್ತು ರೂಪಾಯಿ ಫ್ಯೂಸ್ ಹಾಕಿ ಕಳಿಸಿದ ದಿನಗಳೂ ಇವೆ.

ಸಿಗ್ನಲ್ ವೈರ್ ಮೇಲೆ ಓಮ್ ಪರೀಕ್ಷೆ ಬೇಡ, ಟೆಸ್ಟ್ ಬಲ್ಬ್ ಅಂತೂ ಬೇಡವೇ ಬೇಡ. ವೋಲ್ಟ್ ಅಳೆಯುವುದಾದರೆ ಕಪ್ಲರ್ ಸೇರಿಸಿಯೇ ಇಟ್ಟು, ಹಿಂಬದಿಯಿಂದ ಗುಂಡುಪಿನ್ ತೂರಿಸಿ ಡಿಜಿಟಲ್ ಮೀಟರ್ ಹಿಡಿಯಿರಿ. ಇಲ್ಲಿ ಮೀಟರ್ 0.1ರಿಂದ 0.9 ಏರಿಳಿಯುತ್ತಿದ್ದು ಫೋನಿನಲ್ಲಿ ಅದೇ ಕಾಣದಿದ್ದರೆ ದೋಷ ವೈರಿನಲ್ಲಿ ಅಥವಾ ಇಸಿಯು ಕಡೆ.

ಹೊಸ ಕಾರು, ಹಿಂದಿನ ಸೆನ್ಸರ್

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಕಾರುಗಳಲ್ಲಿ ಹಲವಕ್ಕೆ ಮುಂದೆ ಇರುವುದು ವೈಡ್‌ಬ್ಯಾಂಡ್ ಸೆನ್ಸರ್, ವೈರುಗಳು ಸಾಮಾನ್ಯವಾಗಿ ಐದು. ಇದು ಕರೆಂಟ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಆ್ಯಪ್‌ನಲ್ಲಿ ಲ್ಯಾಂಬ್ಡಾ 1.00ರ ಹತ್ತಿರ ಶಾಂತವಾಗಿ ನಿಂತಿರುತ್ತದೆ, ಏರಿಳಿತ ಕಾಣುವುದೇ ಇಲ್ಲ. ಹಳೆಯ ರೂಢಿಯಲ್ಲಿ ನೋಡಿ "ಸೆನ್ಸರ್ ಸತ್ತಿದೆ" ಎಂದು ಹೇಳುವವರನ್ನು ಕಂಡಿದ್ದೇನೆ. ಅದು ಸರಿಯಾಗಿದೆ ಎಂಬುದಕ್ಕೇ ಆ ಶಾಂತಿ ಗುರುತು. ಮೇಲಿನ ಮೀಟರ್ ಪರೀಕ್ಷೆಯಲ್ಲಿ ಹೀಟರ್ ಭಾಗ ಬಿಟ್ಟು ಉಳಿದದ್ದನ್ನು ಇದಕ್ಕೆ ಮಾಡಬೇಡಿ.

ಕನ್ವರ್ಟರ್ ಹಿಂದಿನ ಸೆನ್ಸರ್ ಕೂಡ ಸ್ಥಿರವಾಗಿರಬೇಕು, 0.6, 0.7ರಲ್ಲಿ. ಅದು ಮುಂದಿನ ನ್ಯಾರೋಬ್ಯಾಂಡ್‌ನಂತೆಯೇ ಕುಣಿಯುತ್ತಿದ್ದು, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಬಂದಿದ್ದರೆ ಮುಗಿಯುತ್ತಿರುವುದು ಕನ್ವರ್ಟರ್. ಅದನ್ನು ಮುಗಿಸುತ್ತಿರುವುದು ಬಹುಶಃ ತಿಂಗಳುಗಟ್ಟಲೆ ಕಡೆಗಣಿಸಿದ ಮಿಸ್ಸಿಂಗ್.

ಬದಲಿಸಲೇಬೇಕಾದರೆ

ಎಂಜಿನ್ ಉಗುರು ಬೆಚ್ಚಗಿರುವಾಗ 22ರ ಸ್ಪ್ಯಾನರ್ ಅಥವಾ ಸೀಳಿರುವ ಸಾಕೆಟ್ ಹಾಕಿದರೆ ಸುಲಭವಾಗಿ ಬರುತ್ತದೆ. ಬಿಚ್ಚಿದ ಸೆನ್ಸರ್‌ನ ತುದಿ ನೋಡದೆ ಎಸೆಯಬೇಡಿ. ಕರಿ ಮಸಿ ಇದ್ದರೆ ಎಂಜಿನ್ ರಿಚ್ ಓಡಿದೆ. ಬಿಳಿ ಪುಡಿ ಹತ್ತಿದ್ದರೆ ಯಾರೋ ಸಿಲಿಕೋನ್ ಅಂಟು ಬಳಸಿದ್ದಾರೆ, ಇಲ್ಲವೇ ಕೂಲೆಂಟ್ ಒಳಗೆ ಸೋರಿ ಉರಿಯುತ್ತಿದೆ. ಕಾರಣ ಸರಿ ಮಾಡದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅದರ ಮೇಲಿನ ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಕೇಳಿ. ವೈರ್ ಕತ್ತರಿಸಿ ಜೋಡಿಸುವ ಎಲ್ಲ ಕಾರಿಗೂ ಆಗುವಂಥ ಸೆನ್ಸರ್ ನಾನು ಹಾಕುವುದಿಲ್ಲ. ಹಲವು ಸೆನ್ಸರ್‌ಗಳಿಗೆ ಹೊರಗಾಳಿ ತಲುಪುವುದು ವೈರಿನ ಎಳೆಗಳ ನಡುವಿನಿಂದ, ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕಪ್ಲರ್‌ಗೆ ಗ್ರೀಸ್ ತುಂಬುವುದೂ ಇದೇ ಕಾರಣಕ್ಕೆ ತಪ್ಪು. ಹೊಸದರ ಮರೆಗೆ ಪೇಸ್ಟ್ ಹಚ್ಚಿಯೇ ಬಂದಿರುತ್ತದೆ, ತುದಿಗೆ ತಾಗದಂತೆ ಕೂರಿಸಿ 40 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಮಾಡಿ.

ಈಗ ಕೋಡ್ ಅಳಿಸಿ. ಅಳಿಸುವ ಮುನ್ನ ಇದ್ದ ಲಾಂಗ್ ಟರ್ಮ್ ಟ್ರಿಮ್ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಡ್ರಾದಲ್ಲಿಡಿ. ವಾರ ಪೂರ್ತಿ ಎಂದಿನಂತೆ ಓಡಿಸಿ, ನಡುವೆ ಒಮ್ಮೆ ಖಾಲಿ ರಸ್ತೆಯಲ್ಲಿ 60-70ರ ಒಂದೇ ವೇಗದಲ್ಲಿ ಹದಿನೈದು ನಿಮಿಷ ಹೋಗಿ ಬನ್ನಿ. ಎಂಟನೇ ದಿನ ಮತ್ತೆ ಸ್ಕ್ಯಾನರ್ ಸಿಕ್ಕಿಸಿ. +20 ಇದ್ದದ್ದು +5ರ ಒಳಗೆ ಬಂದಿದ್ದರೆ ಕೆಲಸ ಆಯಿತು. ಬಂದಿಲ್ಲವೆಂದರೆ ಹೊಸ ಸೆನ್ಸರ್ ಕೂಡ ಹಳೆಯದು ಹೇಳಿದ್ದನ್ನೇ ಹೇಳುತ್ತಿದೆ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಒದ್ದೆ ಬಟ್ಟೆ ಹಿಡಿದು ಮತ್ತೊಮ್ಮೆ ಮ್ಯಾನಿಫೋಲ್ಡ್ ಹತ್ತಿರ ಕಿವಿ ಕೊಡಿ.